ನೀರು ಕುಡಿದ ಹಗ್ಗ

ಮರ ಕಡಿಯುವವರು ಬೇರೆ, ಮರ ಇಳಿಸುವವರು ಬೇರೆ. ಕಡಿಯುವುದಕ್ಕೆ ಒಂದು ಕೊಡಲಿ, ಒಂದಿಷ್ಟು ಸಿಟ್ಟು ಇದ್ದರೆ ಸಾಕು. ಇಳಿಸುವುದಕ್ಕೆ ಸಂತೆಕಲ್ಲೂರಿನ ಗ್ಯಾನಪ್ಪನೇ ಬರಬೇಕಾಗಿತ್ತು. ಮನೆಯ ಮೇಲೆ ಬಾಗಿದ ಬೇವು, ಬಾವಿಯ ಮೇಲೆ ಚಾಚಿದ ಆಲ, ಇಂಥವನ್ನು ಬುಡಕ್ಕೆ ಕೊಡಲಿ ಹಾಕಿ ಕೆಡವಿದರೆ ಮರದ ಜೊತೆ ಮನೆಯೂ ಹೋಗುತ್ತದೆ, ಬಾವಿಯೂ ಹೋಗುತ್ತದೆ. ಗ್ಯಾನಪ್ಪ ಮರ ಹತ್ತಿ ಒಂದೊಂದೇ ಟೊಂಗೆಗೆ ಹಗ್ಗ ಕಟ್ಟುತ್ತಿದ್ದ. ಆ ಹಗ್ಗವನ್ನು ಅದಕ್ಕಿಂತ ಮೇಲಿನ ಗಟ್ಟಿ ಕವಲಿನಲ್ಲಿ ಹಾಯಿಸಿ ಕೆಳಗೆ ಬಿಡುತ್ತಿದ್ದ. ಕೆಳಗೆ ಅವನ ಹೆಂಡತಿ ಮುದುಕಮ್ಮ ಹಗ್ಗವನ್ನು ಅದೇ ಮರದ ಬೊಡ್ಡೆಗೆ ಎರಡು ಮೂರು ಸುತ್ತು ಹಾಕಿ ತುದಿ ಹಿಡಿದು ನಿಲ್ಲುತ್ತಿದ್ದಳು. ಅವನು ಟೊಂಗೆಯನ್ನು ಗರಗಸದಿಂದ ಕೊಯ್ದ ಕೂಡಲೇ ಭಾರವೆಲ್ಲ ಹಗ್ಗಕ್ಕೆ ಬರುತ್ತಿತ್ತು. ಅದರಲ್ಲಿ ಹೆಚ್ಚಿನದನ್ನು ಬೊಡ್ಡೆಯ ಸುತ್ತುಗಳೇ ತಡೆಯುತ್ತಿದ್ದವು. ಉಳಿದದ್ದನ್ನು ಮುದುಕಮ್ಮನ ಕೈ ತಾಳಿಕೊಂಡು ಮೊಳ ಮೊಳವಾಗಿ ಸಡಿಲ ಬಿಡುತ್ತಿತ್ತು. ಎತ್ತಿನಷ್ಟು ತೂಕದ ಟೊಂಗೆ ಮಾಳಿಗೆಯ ಮಣ್ಣನ್ನೂ ಕೆದರದೆ ಅಂಗಳಕ್ಕೆ ಬಂದು ಮಲಗುತ್ತಿತ್ತು.

ಹೆಸರಷ್ಟೇ ಮುದುಕಮ್ಮ. ತೋಳು ನೋಡಿದರೆ ಗರಡಿಮನೆಯವರು ನಾಚಬೇಕು. ಆದರೂ ಹೆಣ್ಣುಮಗಳು ಹಗ್ಗ ಹಿಡಿಯುತ್ತಾಳೆ ಎಂದು ಹಲ್ಲು ಕಿಸಿಯುವವರಿಗೆ ಬರವಿರಲಿಲ್ಲ. ಗ್ಯಾನಪ್ಪ ಮೊದಲು ಗಂಡಸರನ್ನೇ ಹಗ್ಗಕ್ಕೆ ನಿಲ್ಲಿಸಿ ನೋಡಿದ್ದ. ಆ ಶೂರರು ಬಲ ತೋರಿಸಲು ಹೋಗಿ ಹಗ್ಗವನ್ನು ಥಟ್ಟನೆ ಬಿಗಿ ಹಿಡಿಯುತ್ತಿದ್ದರು. ಹಾಗೆ ಹಿಡಿದರೆ ಬೀಳುವ ಭಾರ ಒಮ್ಮೆಲೇ ಜಗ್ಗಿ, ಎಂಥ ಹಗ್ಗವಾದರೂ ಹರಿಯುತ್ತದೆ. ಮುದುಕಮ್ಮ ಹಾಗಲ್ಲ. ಭಾರ ಬಂದ ಕ್ಷಣ ಮೊದಲು ಒಂದಿಷ್ಟು ಬಿಟ್ಟು, ಆಮೇಲೆ ಮೆಲ್ಲಗೆ ತಡೆಯುವಳು.

“ಮ್ಯಾಲ ನಾ ಕಣ್ಣು ಮುಚ್ಚಿ ಕೊಯ್ತೀನಿ. ಕೆಳಗ ಆಕಿ ಅದಾಳ,” ಎಂದು ಗ್ಯಾನಪ್ಪ ಹೇಳುತ್ತಿದ್ದ. ಹೆಂಡತಿಯನ್ನು ನಾಲ್ಕು ಜನರ ಮುಂದೆ ಹೊಗಳುವ ಗಂಡಸನ್ನು ನಮ್ಮ ಕಡೆ ನಾನು ಅವನೊಬ್ಬನನ್ನೇ ಕಂಡಿದ್ದೆ.

ಹಗ್ಗ ಪುಂಡಿ ನಾರಿನದು, ಇಬ್ಬರೂ ಕೂತು ಹೊಸೆದದ್ದು. ಒಣ ನಾರು ಕವಲಿಗೆ ಉಜ್ಜಿ ಕಾದು ಸೀದುಹೋಗುತ್ತದೆ, ತೊಗಟೆಯ ಮೇಲೆ ಜಾರುತ್ತದೆ. ತೊಯ್ದ ನಾರು ಕಚ್ಚಿ ಹಿಡಿಯುತ್ತದೆ. ಅದಕ್ಕೇ ಅವರ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಕೆಲಸದ ದಿನ ಮೊದಲು ಹಗ್ಗಕ್ಕೆ ನೀರು, ಆಮೇಲೆ ಮನುಷ್ಯರಿಗೆ. ಹಗ್ಗ ಕುಡಿಯುವ ತನಕ ಗಂಡಹೆಂಡಿರು ಬಾಯಿಗೆ ಒಂದು ಹನಿ ಹಾಕುತ್ತಿರಲಿಲ್ಲ. ಸಂತೆಕಲ್ಲೂರಿನ ಬಿಸಿಲಿಗೆ ಈ ಪದ್ಧತಿ ಸರಿಯಾಗಿಯೇ ಇತ್ತು. ಕೆಲಸ ಮುಗಿಸಿ ಬೇಲಿಯ ಮೇಲೆ ಹರವಿದ ಹಗ್ಗ, ಇವರು ರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ ಗರಿಗರಿ ಒಣಗಿರುತ್ತಿತ್ತು.

ಆಮೇಲೆ ತುಂಗಭದ್ರೆಯ ಕಾಲುವೆಯ ನೀರು ಬಳಗಾನೂರಿನ ಹೊಲಗಳಿಗೆ ಬಂತು. ನೀರಿನ ಹಿಂದೆ ಜನ ಬರುತ್ತಾರೆ, ಜನರಿಗೆ ಚಹಾ ಬೇಕಾಗುತ್ತದೆ ಎಂದುಕೊಂಡು ನಾನು, ಅಂದರೆ ಸಂತೆಕಲ್ಲೂರಿನವನೇ ಆದ ಬಾಲಪ್ಪ, ಅಲ್ಲಿ ಬಸ್ಸು ನಿಲ್ಲುವ ಕಡೆ ಅಂಗಡಿ ಇಟ್ಟಿದ್ದೆ. ಮರುವರ್ಷ ಗ್ಯಾನಪ್ಪ, ಮುದುಕಮ್ಮ ಬಂದು ನಮ್ಮ ಮಗ್ಗುಲಲ್ಲೇ ಗುಡಿಸಲು ಹಾಕಿದರು. ಬಂದದ್ದು ಸುಮ್ಮನೆ ಅಲ್ಲ. ಭತ್ತದ ಗದ್ದೆಗೆ ಮರ ಎಂದರೆ ಆಗದು. ನೆರಳಿಗೆ ಪೈರು ಸೊರಗುತ್ತದೆ, ಗುಬ್ಬಿಗಳು ಟೊಂಗೆಯ ಮೇಲೆ ಕೂತು ತೆನೆ ಎಣಿಸುತ್ತವೆ. ಆಂಧ್ರದಿಂದ ಬಂದು ಕ್ಯಾಂಪು ಹಾಕಿಕೊಂಡವರೂ ಬಳಗಾನೂರಿನ ರೈತರೂ ಪೈಪೋಟಿಯ ಮೇಲೆ ಮರ ತೆಗೆಸತೊಡಗಿದ್ದರು. ಅಜ್ಜಂದಿರು ನೆಟ್ಟದ್ದನ್ನು ಮೊಮ್ಮಕ್ಕಳು ತೆಗೆಸುವಾಗ ಒಬ್ಬನಾದರೂ ಬೇಡ ಎಂದದ್ದನ್ನು ನಾನು ಕೇಳಲಿಲ್ಲ. ಗ್ಯಾನಪ್ಪನಿಗೆ ಕೈತುಂಬ ಕೆಲಸ ಸಿಕ್ಕಿತು.

ಬಳಗಾನೂರಿನಲ್ಲೂ ಅವನು ಹಗ್ಗಕ್ಕೆ ನೀರು ಕುಡಿಸಿಯೇ ತಾನು ಕುಡಿಯುತ್ತಿದ್ದ. ಆದರೆ ಅಲ್ಲಿ ಸುತ್ತಲೂ ನಿಂತ ನೀರು, ಗೋಡೆಗೆ ತೇವ, ಹಾಸಿಗೆಗೆ ತೇವ. ನನ್ನ ಅಂಗಡಿಯ ಸಕ್ಕರೆಯೇ ಡಬ್ಬಿಯಲ್ಲಿ ಬೆಲ್ಲದಂತೆ ಗಟ್ಟಿಯಾಗುತ್ತಿತ್ತು. ಹಗ್ಗ ಮೇಲೆ ಮೇಲೆ ಒಣಗಿದಂತೆ ಕಂಡರೂ ಎಳೆಗಳ ಒಳಗೆ ಹಸಿಯಾಗಿಯೇ ಉಳಿಯುತ್ತಿತ್ತು. ಮರುದಿನ ಅದರ ಮೇಲೆ ಮತ್ತೆ ನೀರು.

ಒಂದು ಬೆಳಿಗ್ಗೆ ಮುದುಕಮ್ಮ ಹಗ್ಗವನ್ನು ಮೂಗಿಗೆ ಹಿಡಿದಳು. ನಾನು ಒಲೆಗೆ ಇದ್ದಿಲು ಹಾಕುತ್ತಿದ್ದೆ, ಅವರ ಮಾತೆಲ್ಲ ಕೇಳಿಸಿತು.

“ಹಗ್ಗ ಮುಗ್ಗು ನಾರಾಕತ್ತೈತಿ ನೋಡು. ನಾಕು ದಿನ ಒಣಗಲಿ, ಇಲ್ಲಾ ಹೊಸಾದು ಹೊಸಿಯೋಣು.”

“ನೀರು ಕುಡದ ಹಗ್ಗಕ್ಕ ಜೀವ ಇರ್ತೈತಿ. ನಮ್ಮಪ್ಪ ಇದನ್ನ ಮಾಡಿಕೋತ ಸತ್ತ, ಅವನಿಗೇನು ತಿಳೀತಿದ್ದಿಲ್ಲೇನು? ಶಿವಶರಣಪ್ಪನವರು ಕಾಯಾಕತ್ತಾರ, ನಡಿ.”

ಮುದುಕಮ್ಮ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಅವನ ಹಿಂದೆ ಹೋದಳು.

ಶಿವಶರಣಪ್ಪ ಊರಿನ ದೊಡ್ಡ ರೈತ. ಅವರ ಮನೆಯ ಮಾಳಿಗೆಯ ಮೇಲೆ ಒಂದು ಹುಣಸೆ ಮರ ಅರ್ಧ ಮೈ ಚಾಚಿತ್ತು. ನೋಡಲು ಅರ್ಧ ಊರು ಸೇರಿತ್ತು, ಅಂಗಡಿಯನ್ನು ಹೆಂಡತಿ ಆದೆಮ್ಮನಿಗೆ ಬಿಟ್ಟು ನಾನೂ ಹೋಗಿದ್ದೆ. ಸಣ್ಣ ಟೊಂಗೆಗಳೆಲ್ಲ ಸುಸೂತ್ರವಾಗಿ ಇಳಿದವು. ಕೊನೆಗೆ ದೊಡ್ಡ ಟೊಂಗೆ ಉಳಿಯಿತು. ಗ್ಯಾನಪ್ಪ ಹಗ್ಗ ಕಟ್ಟಿ, ಕೆಳಗೆ ನೋಡಿ ಒಮ್ಮೆ ಕೂಗಿದ. ಮುದುಕಮ್ಮ ಬೊಡ್ಡೆಯ ಆಚೆ, ಟೊಂಗೆಗೆ ಬೆನ್ನು ಕೊಡದೆ, ಯಾವಾಗಲೂ ನಿಲ್ಲುವ ಜಾಗದಲ್ಲೇ ನಿಂತಿದ್ದಳು. ಗರಗಸ ನಿಂತಿತು. ಟೊಂಗೆ ಕಳಚಿ ಹಗ್ಗಕ್ಕೆ ಜೋತುಬಿತ್ತು. ಒಂದು ಮೊಳ ಇಳಿಯಿತು, ಎರಡು ಮೊಳ ಇಳಿಯಿತು. ಆಮೇಲೆ ಕವಲಿನ ಹತ್ತಿರ ಹಗ್ಗ ಹರಿಯಿತು.

ಟೊಂಗೆಯ ತುದಿ ಮಾಳಿಗೆಯ ಅಂಚಿಗೆ ಬಡಿದು, ಬುಡ ತಿರುಗಿ ಬೊಡ್ಡೆಯನ್ನು ಸುತ್ತಿ ಬಂದು ಮುದುಕಮ್ಮನ ಸೊಂಟಕ್ಕೆ ಹೊಡೆಯಿತು. ನಾವು ಹತ್ತು ಜನ ಸೇರಿ ಅದನ್ನು ಎತ್ತಿದೆವು. ಅವಳು ಅಳಲಿಲ್ಲ. “ಕಾಲು ಎಲ್ಲೈತಿ ನೋಡ್ರಿ, ನನಗ ತಿಳಿವಲ್ದು,” ಎಂದಳು. ಕಾಲು ಅಲ್ಲೇ ಇತ್ತು.

ಮರದಿಂದ ಇಳಿದು ಬಂದ ಗ್ಯಾನಪ್ಪನ ಮುಖದಲ್ಲಿ ರಕ್ತವಿರಲಿಲ್ಲ. ಹಗ್ಗದ ಹರಿದ ತುದಿ ಕೆಸರಲ್ಲಿ ಬಿದ್ದಿತ್ತು, ಯಾರೂ ತೊಳೆದು ನೋಡಲಿಲ್ಲ. ಶಿವಶರಣಪ್ಪ ಅದನ್ನು ಕಾಲಿಂದ ಸರಿಸಿ, “ಇಷ್ಟು ದಪ್ಪ ಹಗ್ಗ ಹೆಂಗ ಹರೀತಲೇ ಗ್ಯಾನಾ?” ಎಂದರು.

“ಆಕಿ ಬಿಗಿ ಹಿಡದಾಳ್ರೀ,” ಎಂದುಬಿಟ್ಟ ಗ್ಯಾನಪ್ಪ. “ಒಮ್ಮಿಗ್ಲೆ ಬಿಗಿ ಹಿಡದಾಳ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅರ್ಧ ಊರು ಕೇಳಿಸಿಕೊಂಡಿತ್ತು, ಉಳಿದರ್ಧಕ್ಕೆ ಸಂಜೆಯೊಳಗೆ ಮುಟ್ಟಿತು. ಹೆಣ್ಣಿನ ಕೈಗೆ ಹಗ್ಗ ಕೊಟ್ಟರೆ ಮತ್ತೇನಾದೀತು ಎಂದು ನನ್ನ ಅಂಗಡಿಯಲ್ಲೇ ಕೂತು, ನನ್ನ ಚಹಾ ಕುಡಿಯುತ್ತ ಆಡಿಕೊಂಡರು. ನನಗೆ ಆ ಬಸಿಗಳನ್ನು ಅವರ ತಲೆಗೇ ಒಡೆಯಬೇಕೆನಿಸಿತ್ತು.

ಮುದುಕಮ್ಮನನ್ನು ಸಿಂಧನೂರಿನ ದವಾಖಾನೆಗೆ ಚಕ್ಕಡಿಯಲ್ಲಿ ಒಯ್ದೆವು. ಬೆನ್ನುಮೂಳೆ ಹೋಗಿದೆ, ಇನ್ನು ಕಾಲು ಬರುವುದಿಲ್ಲ ಎಂದು ಹೇಳಿ ಕಳಿಸಿದರು. ಅಲ್ಲಿಂದ ಮುಂದೆ ಗ್ಯಾನಪ್ಪ ಮರ ಹತ್ತಲಿಲ್ಲ. ಹಗಲು ಗದ್ದೆಯಲ್ಲಿ ಕೂಲಿ ಮಾಡಿ ಬಂದು ಅವಳನ್ನು ಎತ್ತುವುದು, ತೊಳೆಯುವುದು, ಮಗ್ಗುಲು ಬದಲಿಸುವುದು, ಎಲ್ಲವನ್ನೂ ತಾನೇ ಮಾಡಿದ. ಬೇರೆ ಮದುವೆ ಮಾಡಿಕೋ ಎಂದ ನೆಂಟರನ್ನು ಬೈದು ಓಡಿಸಿದ. ಆದೆಮ್ಮ ನನಗೆ ಅವನನ್ನು ತೋರಿಸಿ, “ನೋಡಿ ಕಲೀರಿ,” ಎನ್ನುತ್ತಿದ್ದಳು.

ಮುದುಕಮ್ಮ ಮಾತ್ರ ಅವನು ಎತ್ತಿದಾಗಲೆಲ್ಲ ಅಳುತ್ತಿದ್ದಳು. “ನಾನ ಬಿಗಿ ಹಿಡದೆ. ನಿನ್ನ ಕೆಲಸ ಕಳದೆ, ನಿನ್ನ ಹೆಸರು ಕಳದೆ. ನನ್ನ ತಪ್ಪು ಹೊಟ್ಯಾಗ ಹಾಕ್ಕೋ,” ಎಂದು ಅವನ ಕೈ ಹಿಡಿದುಕೊಳ್ಳುವಳು. ಬಿಗಿ ಹಿಡಿದ ನೆನಪು ಅವಳಿಗಿರಲಿಲ್ಲ. ಗಂಡ ಮೇಲಿಂದ ನೋಡಿ ಹೇಳಿದ್ದಾನೆ, ಹಾಗಾದರೆ ಹಿಡಿದಿರಲೇಬೇಕು ಎಂದು ಅವಳು ನಂಬಿದ್ದಳು. ಗ್ಯಾನಪ್ಪ, “ಆಗಿದ್ದು ಆತು, ಬಿಡು,” ಎಂದು ದೊಡ್ಡ ಮನಸ್ಸು ಮಾಡುತ್ತಿದ್ದ. ಅವನೂ ಹಾಗೇ ನಂಬಿದ್ದ ಎಂದು ನಾನು ಇವತ್ತಿಗೂ ತಿಳಿದಿದ್ದೇನೆ.

ಮಳೆಗಾಲದಲ್ಲಿ ನೆಲದ ತೇವಕ್ಕೆ ಅವಳ ಬೆನ್ನು ಹುಣ್ಣಾಯಿತು. ಅವಳನ್ನು ನೆಲದಿಂದ ಮೇಲೆ ಮಲಗಿಸಬೇಕೆಂದು ಗ್ಯಾನಪ್ಪ ಒಂದು ಹೊರಸಿನ ಚೌಕಟ್ಟು ತಂದ. ಹೆಣೆಯಲು ಹುರಿ ಬೇಕಲ್ಲ, ಅವತ್ತು ಹರಿದು ಉಳಿದಿದ್ದ ಹಗ್ಗವನ್ನು ಅಟ್ಟದಿಂದ ಇಳಿಸಿ, ನಮ್ಮ ಕಟ್ಟೆಯ ಮೇಲೆ ಕೂತು ಎಳೆ ಬಿಡಿಸತೊಡಗಿದ. ಮೇಲಿನ ಎಳೆ ಬಂಗಾರದ ಬಣ್ಣಕ್ಕೇ ಇತ್ತು. ಒಳಗೆ ಕಪ್ಪು. ಬೆರಳಲ್ಲಿ ಹಿಡಿದರೆ ನಶ್ಯದ ಪುಡಿಯಂತೆ ಉದುರಿತು. ಇನ್ನೊಂದು ಕಡೆ ಬಿಡಿಸಿದ, ಅಲ್ಲೂ ಹಾಗೇ. ಇಡೀ ಹಗ್ಗ ಬಿಡಿಸಿ ಮುಗಿಯುವ ತನಕ ಅವನು ತಲೆ ಎತ್ತಲಿಲ್ಲ.

“ಬಾಲಪ್ಪ, ಇದು ಕೊಳತಿತ್ತು,” ಎಂದ. “ಆಕಿ ಹೇಳಿದ್ಳು.”

“ಈಗ ಅಕ್ಕಗ ಹೇಳಾಕ ಹೋಗಬ್ಯಾಡಣ್ಣ. ಹೇಳಿದ್ರ ಆಕಿ ಕಾಲು ಬರ್ತಾವೇನು?” ಎಂದೆ ನಾನು.

ಅವನು ಕೇಳಲಿಲ್ಲ. ಸತ್ಯ ಹೇಳಿದರೆ ಅವಳು ಅಳುವುದಾದರೂ ನಿಂತೀತು ಎಂದು ಅವನ ಆಸೆ. ಗುಡಿಸಲಿನ ಒಳಗೆ ಹೋಗಿ ಆ ಕಪ್ಪು ನಾರನ್ನು ಅವಳ ಅಂಗೈಯಲ್ಲಿಟ್ಟು ಎಲ್ಲ ಹೇಳಿದ. ಆದೆಮ್ಮ ಅಲ್ಲೇ ಗಂಜಿ ಕುಡಿಸುತ್ತಿದ್ದಳು, ನನಗೆ ಆಮೇಲೆ ಹೇಳಿದವಳು ಅವಳೇ. ಮುದುಕಮ್ಮ ನಾರನ್ನು ಬಹಳ ಹೊತ್ತು ತಿಕ್ಕಿ ನೋಡಿದಳಂತೆ. ಅಳು ನಿಂತಿತು, ಅವನ ಆಸೆಯಂತೆಯೇ.

“ಇಷ್ಟು ದಿನ ನಿನ್ನ ಕೈ ಹಿಡದು ತಪ್ಪಾತು ಅಂತ ಬೇಡಿಕೊಂಡೆನಲ್ಲೋ,” ಎಂದಳು. “ಇನ್ನ ಮ್ಯಾಲೆ ನನ್ನ ಮುಟ್ಟಬ್ಯಾಡ. ಆದೆಮ್ಮ ಎತ್ತತಾಳ.”

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಹೇಳಿದವನು ಇವರನ್ನು ಕಂಡಿರಲಿಲ್ಲ. ಅವಳು ಬೈಯಲಿಲ್ಲ, ಕೂಗಲಿಲ್ಲ. ಅವನು ಹತ್ತಿರ ಬಂದರೆ ಗೋಡೆಯ ಕಡೆ ಮುಖ ಮಾಡುತ್ತಿದ್ದಳು, ಅಷ್ಟೆ. ಆದೆಮ್ಮ ದಿನಕ್ಕೆರಡು ಸಲ ಹೋಗಿ ತೊಳೆದು ಮಗ್ಗುಲು ಬದಲಿಸಿ ಬರುತ್ತಿದ್ದಳು. ನಡುವೆ ಏನಾದರೂ ಬೇಕಾದರೆ ಮುದುಕಮ್ಮ ಒದ್ದೆಯಲ್ಲೇ ಕಾಯುತ್ತಿದ್ದಳು, ಗಂಡನನ್ನು ಕರೆಯುತ್ತಿರಲಿಲ್ಲ. ಗ್ಯಾನಪ್ಪ ಹೊರಗೆ ಬಾಗಿಲ ಪಕ್ಕ ಕೂತಿರುತ್ತಿದ್ದ. ನಾವು ಗಂಡಸರು ಅವನಿಗೆ ಸಮಾಧಾನ ಹೇಳಿದೆವು, ಹೆಂಗಸರು ಅವಳಿಗೆ ಬುದ್ಧಿ ಹೇಳಿದರು. ಎರಡೂ ವ್ಯರ್ಥವಾದವು.

ಹುಣ್ಣು ಮಾಯಲಿಲ್ಲ. ಸುಗ್ಗಿಯ ಹೊತ್ತಿಗೆ ಜ್ವರ ಹತ್ತಿತು, ಒಂದು ಮಧ್ಯಾಹ್ನ ಅವಳು ತೀರಿಕೊಂಡಳು. ಪದ್ಧತಿಯಂತೆ ಹೆಣವನ್ನು ಹೊರಗೆ ತಂದು ಕೂಡಿಸಬೇಕಿತ್ತು. ಆದೆಮ್ಮ ಒಬ್ಬಳ ಕೈಯಲ್ಲಿ ಆಗುವಂತಿರಲಿಲ್ಲ. ಅವಳು ಬಾಗಿಲಿಗೆ ಬಂದು, “ಬಾರಣ್ಣ, ಒಂದು ಕೈ ಹಿಡಿ,” ಎಂದಳು.

ಗ್ಯಾನಪ್ಪ ಎದ್ದ. ಹೊಸ್ತಿಲ ತನಕ ಹೋಗಿ ಹೆಂಡತಿಯನ್ನು ನೋಡಿ, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

“ಬ್ಯಾಡವಾ ತಂಗಿ,” ಎಂದ. “ಆಕಿ ಒಲ್ಲೆ ಅಂದಾಳ.”