ಚಿತ್ರಕ್ಕೆ ಹೆಪ್ಪು ಹಾಕುವ ಲೆಕ್ಕದಕ್ಕ

ಊರಿಗೆ ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ಈ ನೆಲಮಾಳಿಗೆಗೆ ಹರಿದರೂ ಗೊತ್ತಾಗುವುದಿಲ್ಲ, ಇಲ್ಲಿ ಕಿಟಕಿಯೇ ಇಲ್ಲ. ಕಂಪ್ಯೂಟರಿನ ಫ್ಯಾನು ನೆಗಡಿ ಹಿಡಿದ ಮೂಗಿನ ಹಾಗೆ ಗೊರಗುಟ್ಟುತ್ತಿದೆ. ಅದರ ಮುಂದೆ ಸ್ವೆಟರಿನ ತೋಳಿನೊಳಕ್ಕೆ ಬೆರಳು ಎಳೆದುಕೊಂಡು ಕೂತಿರುವ, ನಲವತ್ತು ದಾಟಿದ ಹೆಂಗಸಿಗೆ ಆಕಳಿಕೆ ಬರುತ್ತಿದೆ. ಒಂದು ಆಕಳಿಕೆ ಮುಗಿಯುವ ಮೊದಲೇ ಅದರ ಬಾಲ ಹಿಡಿದು ಇನ್ನೊಂದು ಹೊರಡುತ್ತದೆ. ಇವರು ಕಂಪ್ಯೂಟರಿಗೆ ಕಲಿಸುತ್ತಿರುವ ವಿದ್ಯೆಯೂ ಹೆಚ್ಚುಕಮ್ಮಿ ಇದೇ.

ಆಸ್ಪತ್ರೆಯಲ್ಲಿ ಇವರನ್ನು ಎಲ್ಲರೂ ಲೆಕ್ಕದಕ್ಕ ಎನ್ನುತ್ತಾರೆ. ಓದಿದ್ದು ಭೌತಶಾಸ್ತ್ರ, ಮಾಡುವುದು ಪ್ರೋಗ್ರಾಂ ಬರೆಯುವ ಕೆಲಸ. ಯಾವ ಬಾಗಿಲ ಮೇಲೂ ಹೆಸರಿಲ್ಲ. ಅಕ್ಕಪಕ್ಕದ ಮನೆಯವರು ಕೇಳಿದರೆ ಇವರ ಅಮ್ಮ, ನಮ್ಮ ಹುಡುಗಿ ಆಸ್ಪತ್ರೇಲಿ ಕಂಪ್ಯೂಟರ್ ಕಾಯ್ತಾಳೆ ಕಣ್ರೀ ಎಂದು, ಗೋಡೌನಿಗೆ ಕಾವಲಿದ್ದಾಳೆಂಬ ಧಾಟಿಯಲ್ಲಿ ಹೇಳುತ್ತಾರಂತೆ. ಇವರ ಮಗಳು ಅಣಕಿಸುವುದರಲ್ಲಿ ಅಜ್ಜಿಯನ್ನೂ ಮೀರಿದವಳು. ತುತ್ತು ಕೈಯಲ್ಲೇ ಹಿಡಿದು, ಕಣ್ಣು ಅರ್ಧ ಮುಚ್ಚಿ, "ಹೂಂ, ಹೇಳು ಪುಟ್ಟಿ, ಕೇಳ್ತಿದೀನಿ" ಎಂದವಳೇ ಗೊರಕೆ ಹೊಡೆದು ತೋರಿಸುತ್ತಾಳೆ. ಅದು ಅಮ್ಮನ ದಿನನಿತ್ಯದ ರಾತ್ರಿಯೂಟ.

ನಸುಕಿನಲ್ಲೇ ಬರುವುದು ಹಟಕ್ಕಲ್ಲ. ಇರುವುದು ಒಂದೇ ದೊಡ್ಡ ಕಂಪ್ಯೂಟರು, ಎಕ್ಸ್‌ರೇ ವಿಭಾಗ ಬಾಗಿಲು ತೆರೆದರೆ ಅದು ಅವರದು. "ಅವರು ಬಂದ್ಮೇಲೆ ನಾನಿಲ್ಲಿ ಮದುವೆ ಮುಗಿದರೂ ಹೊರಡದ ನೆಂಟರ ಥರ. ಯಾರೂ ಹೋಗು ಅನ್ನಲ್ಲ, ಚಾಪೆ ಮಾತ್ರ ಸುತ್ತುತ್ತಾರೆ" ಎನ್ನುತ್ತಾರೆ.

ಇವರ ಕೆಲಸ ಹೀಗಿದೆ. ರೋಗಿಯ ನರಕ್ಕೆ ಒಂದು ಔಷಧಿ ಚುಚ್ಚುತ್ತಾರೆ. ಅದು ಮೈಯೊಳಗೆ ಹರಿಯುತ್ತಾ ಕಣ್ಣಿಗೆ ಕಾಣದ ಕಿರಣ ಸೂಸುತ್ತದೆ. ಸುತ್ತ ತಿರುಗುವ ಕ್ಯಾಮೆರಾ ಆ ಕಿರಣಗಳನ್ನು ಎಣಿಸಿಕೊಳ್ಳುತ್ತದೆ, ಅಷ್ಟೆ. ಔಷಧಿ ಎಲ್ಲೆಲ್ಲಿ ಎಷ್ಟೆಷ್ಟಿತ್ತು ಎಂಬ ಚಿತ್ರವನ್ನು ಆ ಎಣಿಕೆಯಿಂದ ಕಂಪ್ಯೂಟರು ಕಟ್ಟಬೇಕು. ಒಂದು ಅಂದಾಜು ಹಾಕುತ್ತದೆ, ಎಣಿಕೆಯ ಜೊತೆ ಹೋಲಿಸುತ್ತದೆ, ತಿದ್ದುತ್ತದೆ, ಮತ್ತೆ ಹೋಲಿಸುತ್ತದೆ. ಔಷಧಿ ಹರಿಯುತ್ತಲೇ ಇರುವುದರಿಂದ ಒಂದು ಚಿತ್ರ ಸಾಲದು, ಸಾಲುಸಾಲು ಬೇಕು. ಹಳೆಯ ಪ್ರೋಗ್ರಾಂ ಪ್ರತಿಯೊಂದನ್ನೂ ಖಾಲಿ ಹಾಳೆಯಿಂದ ಶುರುಮಾಡುತ್ತದೆ. ಎಲ್ಲ ಮುಗಿಯುವಷ್ಟರಲ್ಲಿ ರೋಗಿ ಮನೆ ಸೇರಿ ಒಂದು ನಿದ್ದೆ ತೆಗೆದಿರುತ್ತಾರೆ.

"ಒಂದು ಚಿತ್ರಕ್ಕೂ ಮುಂದಿನದಕ್ಕೂ ವ್ಯತ್ಯಾಸ ಇರೋದೇ ಚೂರು. ಹಿಂದಿನದನ್ನೇ ಹೆಪ್ಪು ಹಾಕಿದ್ರೆ ಮುಂದಿನದು ಬೇಗ ಹೆಪ್ಪುಗಟ್ಟುತ್ತೆ ಅಂತ ನನ್ನ ಲೆಕ್ಕ" ಎನ್ನುತ್ತಾರೆ ಲೆಕ್ಕದಕ್ಕ.

ಲೆಕ್ಕ ಸರಿಯಿತ್ತು, ಹೆಪ್ಪು ಕೆಟ್ಟಿತ್ತು. ಅದು ಕೆಟ್ಟಿದ್ದು ಬೇಕರಿಯೊಂದರಲ್ಲಿ ಹಿಟ್ಟು ನಾದುವ ಹೆಂಗಸಿನ ಚಿತ್ರದಲ್ಲಿ. ಆಕೆಯ ಬಲಗಡೆಯ ಕಿಡ್ನಿ ತಡವಾಗಿ ತುಂಬುತ್ತದೆ, ಖಾಲಿಯಾಗಲು ಸತಾಯಿಸುತ್ತದೆ. ಮೂತ್ರ ಇಳಿಯುವ ದಾರಿ ಕಟ್ಟಿದ್ದರೆ ಆಪರೇಷನ್ ಬೇಕು. ಬರೀ ಮಂದವಾಗಿದ್ದರೆ ಬೇಡ. ಇದನ್ನು ತಿಳಿಯಲು ಕಿಡ್ನಿ ತುಂಬಿ ನಿಂತ ಹೊತ್ತಿಗೇ, ಆಕೆ ಕ್ಯಾಮೆರಾದ ಕೆಳಗೆ ಮಲಗಿರುವಾಗಲೇ, ಮೂತ್ರ ಹೆಚ್ಚಿಸುವ ಇನ್ನೊಂದು ಇಂಜೆಕ್ಷನ್ ಕೊಟ್ಟು ನೋಡಬೇಕು. ಆಕೆ ಮೊದಲ ಸಲ ಬಂದಾಗ ಹಳೆಯ ಪ್ರೋಗ್ರಾಮಿನಲ್ಲಿ ಚಿತ್ರ ಮುಗಿದದ್ದು ಮಧ್ಯಾಹ್ನ. ಆಕೆ ಆಗಲೇ ಹೋಗಿಯಾಗಿತ್ತು.

ಅದೇ ಎಣಿಕೆಯನ್ನು ಲೆಕ್ಕದಕ್ಕ ತಮ್ಮ ಹೊಸ ಪ್ರೋಗ್ರಾಮಿಗೆ ಹಾಕಿದರು. ಚಿತ್ರ ಚಕಚಕನೆ ಬಂತು. ದೊಡ್ಡ ಡಾಕ್ಟರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಔಷಧಿ ಚೀಟಿ ಓದುವವರಂತೆ ಒಂದೊಂದೇ ಪದ ಬಿಟ್ಟು ಹೇಳಿದರಂತೆ: "ಒಂದು ಕಿಡ್ನಿ ನೀವೇ ತೆಗೆದುಬಿಟ್ರಲ್ಲಮ್ಮ. ಕುಯ್ಯದೇನೆ."

ಬಲಗಡೆ ಕತ್ತಲು. ಈ ತಿದ್ದುವಿಕೆ ನಡೆಯುವುದು ಗುಣಾಕಾರದಲ್ಲಿ. ಮೊದಮೊದಲ ಚಿತ್ರಗಳಲ್ಲಿ ಆ ಕಿಡ್ನಿಗೆ ಔಷಧಿ ತಲುಪಿರಲಿಲ್ಲ, ಅಲ್ಲಿ ಸೊನ್ನೆ ಬಿತ್ತು. ಆ ಸೊನ್ನೆಯೇ ಮುಂದಿನದಕ್ಕೆ ಹೆಪ್ಪಾಯಿತು. ಆಮೇಲೆ ಔಷಧಿ ಎಷ್ಟು ಬಂದರೇನು, ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ.

"ಶಾಲೆಯಲ್ಲಿ ಮಗಳು ಹೀಗೆ ಮಾಡಿದ್ರೆ ಬೈತಿದ್ದೆ" ಎಂದು ಲೆಕ್ಕದಕ್ಕ ಕಣ್ಣುಜ್ಜಿಕೊಳ್ಳುತ್ತಾರೆ. ಈಗ ಒಂದು ಚಿತ್ರವನ್ನು ಮುಂದಿನದಕ್ಕೆ ದಾಟಿಸುವ ಮೊದಲು ಖಾಲಿ ಜಾಗಕ್ಕೆಲ್ಲ ಚಿಟಿಕೆಯಷ್ಟು ಅಂಕಿ ಉದುರಿಸುತ್ತಾರೆ. ಎಷ್ಟು ಉದುರಿಸಬೇಕೆಂದು ಹದ ಸಿಗುವುದಕ್ಕೇ ಒಂದು ಚಳಿಗಾಲ ಹೋಯಿತು. ಜಾಸ್ತಿಯಾದರೆ ಇಲ್ಲದ್ದು ಕಾಣುತ್ತದೆ, ಕಮ್ಮಿಯಾದರೆ ಇದ್ದದ್ದು ಏಳುವುದಿಲ್ಲ. ದೊಡ್ಡ ಡಾಕ್ಟರು ಒಂದೇ ಅವಕಾಶ ಕೊಟ್ಟಿದ್ದಾರೆ. ಬೇಕರಿಯಮ್ಮ ಇವತ್ತು ಎರಡನೇ ಸಲ ಬರುತ್ತಾರೆ. ಆಕೆ ಮೇಲೇಳುವ ಮೊದಲು ಚಿತ್ರ ಬಂದು, ಕಿಡ್ನಿ ಕಾಣಬೇಕು. ಇಲ್ಲದಿದ್ದರೆ ಹಳೆಯ ಪ್ರೋಗ್ರಾಮೇ ಗತಿ, ಆಕೆಗೆ ಮೂರನೇ ಸಲವೂ ಗತಿ.

ಬೇಕರಿಯಮ್ಮ ಬಂದರು. ಬೆರಳ ಸಂದಿಯಲ್ಲಿ ಇನ್ನೂ ಹಿಟ್ಟಿದೆ, ಬೆಳಗಿನ ಪಾಳಿಯನ್ನು ನಾದಿನಿಯ ಕೊರಳಿಗೆ ಕಟ್ಟಿ ಬಂದಿದ್ದಾರೆ.

"ಹೋದ ಸಲ ಮಲಗಿಸಿ ಕಳಿಸಿದ್ರಿ. ಈಗ ಮತ್ತೆ ಮಲಗಿ ಅಂತೀರಿ. ಮಲಗೋಕೆ ನಮ್ಮನೇಲೂ ಮಂಚ ಇದೆಯಪ್ಪ."

ನರ್ಸ್ ಆಕೆಯನ್ನು ಮಲಗಿಸಿ ನರಕ್ಕೆ ಔಷಧಿ ಚುಚ್ಚುತ್ತಾರೆ. ಕ್ಯಾಮೆರಾ ತಿರುಗುತ್ತದೆ. ಗಾಜಿನ ಈಚೆ ಲೆಕ್ಕದಕ್ಕನ ಪರದೆಯ ಮೇಲೆ ಒಂದೊಂದೇ ಚಿತ್ರ ಮೂಡುತ್ತದೆ. ಎಡಗಡೆ ಬೆಳಗಿತು. ಬಲಗಡೆ ಕತ್ತಲು. ಮುಂದಿನದರಲ್ಲೂ ಕತ್ತಲು. ದೊಡ್ಡ ಡಾಕ್ಟರು ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದಾರೆ. ಲೆಕ್ಕದಕ್ಕ ಸ್ವೆಟರಿನ ತೋಳು ಕಚ್ಚುತ್ತಿದ್ದಾರೆ. ಆಮೇಲೊಂದರಲ್ಲಿ, ಒದ್ದೆ ಬೆರಳು ತಾಗಿದಷ್ಟು ಕಲೆ. ಅದು ದಪ್ಪವಾಗುತ್ತಾ ಹುರುಳಿಯ ಆಕಾರಕ್ಕೆ ಬಂದು, ತುಂಬಿ, ನಿಂತುಬಿಟ್ಟಿತು.

ಡಾಕ್ಟರು ನರ್ಸ್ ಕಡೆ ತಿರುಗಿ ಇಂಜೆಕ್ಷನ್ ಕೊಡಲು ಹೇಳಿದರು. ಪರದೆಯ ಮೇಲಿನ ಕಿಡ್ನಿ ಖಾಲಿಯಾಗುತ್ತಾ, ಮನಸ್ಸಿಲ್ಲದ ಮನಸ್ಸಿನಿಂದ ಮಸುಕಾಗತೊಡಗಿತು.

"ಕಟ್ಟಿಲ್ಲ," ಎಂದರು ಡಾಕ್ಟರು. "ಸೋಮಾರಿ, ಅಷ್ಟೇ. ನಾಳೆಯಿಂದ ಇದನ್ನೇ ಓಡಿಸಿ. ಎಕ್ಸ್‌ರೇಯವರಿಗೆ ನಾನು ಹೇಳ್ತೀನಿ."

ಸಂಭ್ರಮವೇನೂ ಆಗಲಿಲ್ಲ. ಖುಷಿ ಆಗಲಿಲ್ಲವೇ ಎಂದರೆ ಲೆಕ್ಕದಕ್ಕ, ಆಯ್ತು, ಆದರೆ ನಿದ್ದೆ ಅದಕ್ಕಿಂತ ಮುಂಚೆ ಬಂದು ಸಾಲಲ್ಲಿ ನಿಂತಿದೆ ಎನ್ನುತ್ತಾರೆ.

ಸೆರಗು ಸರಿಮಾಡಿಕೊಳ್ಳುತ್ತಾ ಹೊರಬಂದ ಬೇಕರಿಯಮ್ಮ, ಬಾಗಿಲ ಬಳಿ ಸಿಕ್ಕ ಇವರನ್ನು ಕಸ ಗುಡಿಸುವವರೆಂದುಕೊಂಡರೋ ಏನೋ, ಮೆಟ್ಟಿಲು ಯಾವ ಕಡೆ ಎಂದು ಕೇಳಿದರು. ಆಪರೇಷನ್ ಬೇಡವಂತೆ, ಮತ್ತೆ ಬರೋದೂ ಬೇಡವಂತೆ ಎಂದು ತಾವಾಗಿಯೇ ಸುದ್ದಿ ಹೇಳಿದರು. ಲೆಕ್ಕದಕ್ಕ ಹೌದಾ ಎಂದರು. ಮೆಟ್ಟಿಲ ತನಕ ಜೊತೆಗೆ ಹೋಗಿ, ಆಕೆಯ ಚಪ್ಪಲಿಯ ಸದ್ದು ಮೇಲಿನ ಅಂತಸ್ತಿನಲ್ಲಿ ಕರಗುವವರೆಗೆ ಅಲ್ಲೇ ಗೋಡೆಗೊರಗಿ ನಿಂತರು.

"ಆ ಯಮ್ಮನ ಮುಖ ನಾನು ಈ ಜನ್ಮದಲ್ಲಿ ಇನ್ನೊಂದು ಸಲ ನೋಡಬಾರದು," ಎಂದರು. "ಅಷ್ಟೇ ನನ್ನ ಆಸೆ."