ಪೆನ್ನಕ್ಕನ ನೀಲಿ ಗೆರೆ

ಆಸ್ಪತ್ರೆಯ ಬಾಣಂತಿಯರ ಕೋಣೆಯಲ್ಲಿ ಆ ನರ್ಸಮ್ಮನಿಗೆ ಪೆನ್ನಕ್ಕ ಎಂದೇ ಹೆಸರು. ಎದೆಯಲ್ಲಿ ಗಂಟು ಎಂದು ಯಾರೇ ಬರಲಿ, ಗಂಟಿನ ಸುತ್ತ ನೀಲಿ ಪೆನ್ನಿನಲ್ಲಿ ಗೆರೆ ಎಳೆಯುತ್ತಾಳೆ. ಮಗುವಿಗೆ ಕುಡಿಸಿದ ಮೇಲೆ ಮತ್ತೆ ಮುಟ್ಟಿ ನೋಡುತ್ತಾಳೆ. ಹಾಲು ಕಟ್ಟಿದ ಗಂಟಾದರೆ ಸಾಮಾನ್ಯವಾಗಿ ಅಷ್ಟರಲ್ಲಿ ಮೆತ್ತಗಾಗಿ ಗೆರೆಯಿಂದ ಒಳಕ್ಕೆ ಸರಿದಿರುತ್ತದೆ.

ಈ ಪದ್ಧತಿಯನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಚೊಚ್ಚಲ ಬಾಣಂತನದಲ್ಲಿ ತನಗೇ ಗಂಟಾದಾಗ, ನರ್ಸ್ ಆಗಿದ್ದೂ ಹಾಲು ಕಟ್ಟಿದ್ದೇ ಇರಬೇಕೆಂದು ಎಂಟು ದಿನ ಬಿಸಿಬಟ್ಟೆ ಒತ್ತಿಕೊಂಡು ಕೂತಳು. ಕೊನೆಗೆ ಕೊಯ್ದು ಕೀವು ತೆಗೆಯಬೇಕಾಯಿತು. ಆ ಎದೆಯ ಹಾಲು ಮಗುವಿಗೆ ಮತ್ತೆ ಸಿಗಲಿಲ್ಲ. ಅಂದಿನಿಂದ ಯಾರನ್ನು ಮುಟ್ಟುವ ಮುಂಚೆಯೂ ಕೈ ತೊಳೆದು ಒಂದು ಗಳಿಗೆ ಕಣ್ಣು ಮುಚ್ಚುತ್ತಾಳೆ. ಬೇಡುವುದು ಇಷ್ಟೇ: ಬೆರಳು ತಪ್ಪು ಹೇಳದಿರಲಿ.

ಮೊನ್ನೆ ಬಟ್ಟೆ ಹೊಲಿಯುವ ಹುಡುಗಿಯೊಬ್ಬಳು ಅತ್ತೆಯ ಜೊತೆ ಬಂದಳು. ಮಗುವಿಗೆ ನಲವತ್ತು ದಿನ. ಎದೆಯ ಗಂಟಿಗೆಂದು ಬೇರೆ ಕಡೆ ಕೊಟ್ಟ ಮಾತ್ರೆ ನುಂಗತೊಡಗಿ ನಾಲ್ಕು ದಿನವಾಗಿತ್ತು. ಜ್ವರ ಇಳಿದಿತ್ತು, ಗಂಟು ಇಳಿದಿರಲಿಲ್ಲ. ಎಲ್ಲಿ ಹಾಲು ಬಿಡಿಸಿಬಿಡುತ್ತಾರೋ ಎಂದು ಹುಡುಗಿ ನೋವನ್ನು ಅರ್ಧಕ್ಕರ್ಧ ಮುಚ್ಚಿಟ್ಟಿದ್ದಳು. ಮಗು ಬಾಟಲಿ ಕಂಡರೆ ಮುಖ ತಿರುಗಿಸುತ್ತಿತ್ತು. ಪೆನ್ನಕ್ಕ ಸ್ಟೂಲ್ ಎಳೆದುಕೊಂಡು ಎಲ್ಲವನ್ನೂ ಕೇಳಿಸಿಕೊಂಡಳು.

ಅತ್ತೆಗೆ ತಾಳ್ಮೆ ಕಡಿಮೆ. "ಹಾಲು ಕಟ್ಟಿದೆ ಅಷ್ಟೇ ಸಿಸ್ಟರ್. ನಾನು ನಾಲ್ಕು ಹೆತ್ತವಳು, ನಂಗೆ ಗೊತ್ತಿಲ್ವಾ?"

"ಹಾಗಾದ್ರೆ ನನಗಿಂತ ನಿಮ್ಮ ಕೈಯೇ ಪಳಗಿದ್ದು. ನೀವೇ ಮುಟ್ಟಿ ಹೇಳಿ, ಅಮ್ಮ."

ಪೆನ್ನಕ್ಕ ಗೆರೆ ಎಳೆದಳು. ಅತ್ತೆ ಬಿಗುಮಾನದಿಂದಲೇ ಮೆಲ್ಲಗೆ ಮುಟ್ಟಿ ನೋಡಿದಳು. ಮಗು ಹೊಟ್ಟೆ ತುಂಬ ಕುಡಿಯಿತು. ಸುತ್ತಲೆಲ್ಲ ಹತ್ತಿಯಂತೆ ಮೆತ್ತಗಾಗಿತ್ತು. ಗೆರೆಯೊಳಗೆ ಮಾತ್ರ ಗಂಟು ಇದ್ದಂತೆಯೇ ಇತ್ತು. ಎರಡನೇ ಸಲ ಮುಟ್ಟಿದ ಅತ್ತೆಯ ಬಿಗುಮಾನ ಇಳಿಯಿತು.

"ಇದು ಜಗ್ಗೇ ಇಲ್ವಲ್ಲ."

"ಇಲ್ಲ. ಮಾತ್ರೆಗೂ ಜಗ್ಗಿಲ್ಲ. ಒಳಗೆ ಕೀವು ಇರೋ ಹಾಗಿದೆ. ಸ್ಕ್ಯಾನ್ ಇವತ್ತೇ ಆಗ್ಬೇಕು."

ಹುಡುಗಿ ಮಗುವನ್ನು ಅವುಚಿಕೊಂಡಳು. "ಹಾಲು ಬಿಡಿಸ್ತಾರಾ ಅಕ್ಕ?"

"ಯಾಕೆ ಬಿಡಿಸ್ತಾರೆ? ಡಾಕ್ಟ್ರು ಸೂಜಿ ಹಾಕಿ ಕೀವು ಎಳೀತಾರೆ. ಇವನ ಪಾಡಿಗೆ ಇವನು ಕುಡೀತಿರ್ಲಿ. ನಾನು ಎಂಟು ದಿನ ಕಾದು ಕೆಟ್ಟೆ, ನೀನು ನಾಲ್ಕೇ ದಿನಕ್ಕೆ ಬಂದಿದ್ದೀಯ."

ಸ್ಕ್ಯಾನಿನಲ್ಲಿ ಕೀವೇ ಕಂಡಿತು. ಡಾಕ್ಟರು ಅಂದೇ ಸೂಜಿಯಿಂದ ತೆಗೆದರು, ಎರಡು ದಿನ ಬಿಟ್ಟು ಇನ್ನೊಮ್ಮೆ ತೆಗೆದು ಮಾತ್ರೆ ಬದಲಿಸಿದರು. ವಾರ ಕಳೆದು ಬಂದಾಗ ಗಂಟು ಹೆಚ್ಚುಕಡಿಮೆ ಕರಗಿತ್ತು, ನೀಲಿ ಗೆರೆ ಮಾತ್ರ ಢಾಳಾಗಿತ್ತು. ಅದು ಮಾಸಿದಾಗಲೆಲ್ಲ ಅತ್ತೆಯೇ ಪೆನ್ನು ಹಿಡಿದು ತಿದ್ದಿದ್ದಳಂತೆ. ಅದೇ ಎದೆಯಲ್ಲಿ ಕುಡಿಯುತ್ತಿದ್ದ ಮಗು ಕುಡಿಯುವುದನ್ನು ಬಿಟ್ಟು ಇತ್ತ ತಿರುಗಿತು. ಅದರ ಕೆನ್ನೆಯ ಮೇಲೂ ಅರ್ಧ ಗೆರೆ ಮೂಡಿತ್ತು.