ಅಂಚು ಕೂಡಿತು, ನಂಬರು ಕೂಡಲಿಲ್ಲ

2023ರ ಫೆಬ್ರವರಿಯ ಎರಡನೆಯ ಗುರುವಾರ, ಬೆಳಗ್ಗೆ ಹನ್ನೊಂದೂ ಕಾಲಿಗೆ, ನಾನು ಅಫಜಲಪುರದ ಶರಣಪ್ಪನವರ ಮನೆಯ ಪಡಸಾಲೆಯಲ್ಲಿ ನಿಂತಿದ್ದೆ. ಮೇಜಿನ ಮೇಲೆ ನನ್ನ ನೆರಳು ಬೀಳದಂತೆ ಕಿಟಕಿಯ ಎಡಕ್ಕೆ ಸರಿದಿದ್ದೆ. ನನ್ನ ಬಲಕ್ಕೆ ಶರಣಪ್ಪ, ಎದುರಿಗೆ ನಿಂಬರ್ಗಾದಿಂದ ಬಂದ ಅವರ ತಮ್ಮ ಮಲ್ಲಣ್ಣ. ಇಷ್ಟು ಖಚಿತ. ಮುಂದಿನದನ್ನು ಕಂಡಷ್ಟೇ ಬರೆಯುತ್ತೇನೆ.

ನಾನು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನು. ನಿವೃತ್ತಿಯ ಮೇಲೆ ಆಳಂದದ ಮನೆಯಲ್ಲಿ ಕುಳಿತು ಹಳೆಯ ನೋಟುಗಳಿಗೆ ಬೆಲೆ ಕಟ್ಟಿ, ಸಂಗ್ರಾಹಕರಿಗೆ ಮಾರಿಸಿಕೊಡುತ್ತೇನೆ. ಹೆಚ್ಚಾಗಿ ಬರುವುದು 1969ರ ಗಾಂಧಿ ಜನ್ಮಶತಮಾನೋತ್ಸವದ ಸ್ಮಾರಕ ನೋಟುಗಳು. ಹಿಂಬದಿಯಲ್ಲಿ ಗಾಂಧೀಜಿ ಕುಳಿತು ಓದುವ ಚಿತ್ರವಿರುತ್ತದೆ. ನೂರರ ನೋಟು ಮಡಿಕೆಯಿಲ್ಲದೆ ಇದ್ದರೆ ಕೆಲವು ಸಾವಿರ ಬರುತ್ತದೆ. ಹರಿದಿದ್ದರೆ ಕೇಳುವವರು ಅಪರೂಪ.

ಶರಣಪ್ಪ ನನಗೆ ತಂದುಕೊಟ್ಟದ್ದು ಅಂಥ ನೂರರ ನೋಟಿನ ಎಡ ಅರ್ಧ ಮಾತ್ರ. 1995ರಲ್ಲಿ ಅಣ್ಣತಮ್ಮಂದಿರು ಬೇರೆಯಾದ ದಿನ ಅವರ ತಂದೆ ನೋಟು ಹರಿದು ಇಬ್ಬರಿಗೂ ಒಂದೊಂದು ತುಂಡು ಕೊಟ್ಟರಂತೆ. ಆಮೇಲೆ ಇಬ್ಬರ ನಡುವೆ ಮಾತು ನಿಂತಿತ್ತು. ಯಾವುದೋ ಮೊಬೈಲ್ ವಿಡಿಯೊದಲ್ಲಿ ಇಂಥ ನೋಟಿಗೆ ಲಕ್ಷ ರೂಪಾಯಿ ಎಂದದ್ದನ್ನು ನೋಡಿ ಶರಣಪ್ಪನವರೇ ತಮ್ಮನಿಗೆ ಫೋನ್ ಮಾಡಿದ್ದರು. ಲಕ್ಷವೆಲ್ಲ ಸುಳ್ಳು ಎಂದು ನಾನು ಮೊದಲೇ ಹೇಳಿದ್ದೆ. ಸೊಲ್ಲಾಪುರದ ಒಬ್ಬ ಸಂಗ್ರಾಹಕರು, ಎರಡೂ ಅರ್ಧ ಒಂದೇ ನೋಟಿನವಾಗಿದ್ದರೆ ಎರಡೂವರೆ ಸಾವಿರ ಕೊಡಲು ಒಪ್ಪಿದ್ದರು. ಆ ತುಂಡು ಎಂಟು ದಿನ ನನ್ನ ಮನೆಯಲ್ಲಿತ್ತು. ಅದರ ನಂಬರನ್ನು ನನ್ನ ಡೈರಿಯಲ್ಲಿ ಬರೆದುಕೊಂಡೆ, ಶರಣಪ್ಪನವರ ಸಹಿ ಪಡೆಯಲಿಲ್ಲ. ಅದು ನನ್ನ ತಪ್ಪು.

ಮಲ್ಲಣ್ಣ ತಮ್ಮ ತುಂಡನ್ನು ತೆಗೆದು ಮೇಜಿನ ಮೇಲಿಟ್ಟರು. ಬಲ ಅರ್ಧ. ಚಿಮಟದಿಂದ ಎರಡನ್ನೂ ಸರಿಸಿ ಕೂಡಿಸಿದೆ. ಸೀಳಿದ ಅಂಚು ಹಲ್ಲಿಗೆ ಹಲ್ಲು ಕೂಡಿತು. ಶರಣಪ್ಪ ನಕ್ಕು, “ಇಪ್ಪತ್ತೆಂಟು ವರ್ಷಾದ್ ಮ್ಯಾಲ ಕೂಡೀವಿ ನೋಡ್ಲೇ ಮಲ್ಲ್ಯಾ,” ಎಂದರು.

“ನಾವಲ್ಲೋ ಅಣ್ಣಾ, ನೋಟು,” ಎಂದರು ಮಲ್ಲಣ್ಣ. ಆದರೂ ಅವರ ಮುಖ ಸಡಿಲವಾಗಿತ್ತು.

ನೋಟಿನ ನಂಬರು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಅಚ್ಚಾಗಿರುತ್ತದೆ. ಎರಡೂ ಒಂದೇ ಇರಬೇಕು. ಭೂತಗನ್ನಡಿ ಹಿಡಿದೆ. ಎಡದ ನಂಬರಿನ ಕೊನೆ 416. ಬಲದ್ದು 417. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಗಟ್ಟಿಯಾಗಿ ಓದಿ ಹೇಳಿದೆ.

“ಅಪ್ಪನ ನೋಟು ಏನ್ ಮಾಡೀದಿ ಲೇ?” ಎಂದರು ಶರಣಪ್ಪ.

“ನಾ ಏನ್ ಮಾಡ್ಲಿ? ನಂದು ಟ್ರಂಕಿನಾಗಿಂದ ಇವತ್ತೇ ಹೊರಗ ಬಂದದ. ನಿಂದು ಎಂಟು ದಿವ್ಸ ಇವರ ಮನ್ಯಾಗ ಇತ್ತು. ಇವರನ್ನ ಕೇಳು.”

ಶರಣಪ್ಪ ನನ್ನ ಕಡೆ ತಿರುಗಿದರು. “ಸಾಹೇಬ್ರ, ನೀವು ಅಂಥವರಲ್ರಿ. ಆದ್ರ...”

ಆ ‘ಆದ್ರ’ ಅಲ್ಲಿಯೇ ನಿಂತಿತು. ಮೂವತ್ತನಾಲ್ಕು ವರ್ಷ ಒಂದು ನೋಟಿನ ಹೆಚ್ಚುಕಡಿಮೆಯ ಆರೋಪವಿಲ್ಲದೆ ಬಂದವನು ನಾನು. ಡೈರಿ ತೆರೆದು 416 ಎಂದು ಬರೆದದ್ದನ್ನು ತೋರಿಸಿದೆ. ಮಲ್ಲಣ್ಣ ಅದನ್ನು ನೋಡಲೂ ಇಲ್ಲ. “ನಿಮ್ಮ ಕೈಬರಹ, ನಿಮ್ಮ ಡೈರಿ,” ಎಂದರು.

ನನ್ನನ್ನು ಕಾಡಿದ್ದು ಆ ಅಂಚು. ಬೇರೆ ನೋಟಿನ ತುಂಡು ತಂದಿಟ್ಟಿದ್ದರೆ ಸೀಳು ಹೀಗೆ ಕೂಡುತ್ತಿರಲಿಲ್ಲ. ಆಮೇಲೆ ಕೌಂಟರಿನ ಹಳೆಯ ಭಯವೊಂದು ನೆನಪಾಯಿತು. ಬಂಡಲಿನ ಹೊಸ ನೋಟುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಒಂದು ಎಂದು ಕೊಟ್ಟರೆ ಎರಡು ಹೋಗುತ್ತವೆ. ಡೈರಿಯಿಂದ ಎರಡು ಹಾಳೆ ಕಿತ್ತು, ಒಂದರ ಮೇಲೊಂದಿಟ್ಟು ಒಟ್ಟಿಗೆ ಹರಿದೆ. ಮೇಲಿನ ಹಾಳೆಯ ಎಡ ತುಂಡಿಗೆ ಕೆಳಗಿನ ಹಾಳೆಯ ಬಲ ತುಂಡನ್ನು ಕೂಡಿಸಿದೆ. ಹಲ್ಲಿಗೆ ಹಲ್ಲು ಕೂಡಿತು.

“ನಿಮ್ಮ ತಂದೆ ಹರಿದದ್ದು ಎರಡು ನೋಟು. ಇನ್ನೆರಡು ತುಂಡು ಎಲ್ಲಿವೆ?” ಎಂದೆ.

ಮಲ್ಲಣ್ಣ ಬಾಗಿಲ ಕಡೆ ನೋಡುತ್ತ, “ಅಕ್ಕನ ಕೇಳಬೇಕು,” ಎಂದರು. ಅವರಿಗೊಬ್ಬರು ಅಕ್ಕ ಇದ್ದಾರೆಂದು ನನಗೆ ತಿಳಿದದ್ದು ಆಗಲೇ.

ಶನಿವಾರ ಮೂವರೂ ಜೇವರ್ಗಿಯ ಮಾರ್ಗವಾಗಿ ಅಕ್ಕನ ಊರು ಯಡ್ರಾಮಿಗೆ ಹೋದೆವು. ಕಸ್ತೂರಿಬಾಯಿ ಹೊಸ್ತಿಲಲ್ಲೇ ನಿಂತು ತಮ್ಮಂದಿರನ್ನು ಮೇಲಿಂದ ಕೆಳಗೆ ನೋಡಿದರು. “ದಾರಿ ತಪ್ಪಿ ಬಂದ್ರೇನು ಇಬ್ರೂ? ಚಹಾ ಕುಡೀತೀರೋ, ಇಲ್ಲಾ ಹೊಲದಾಗ ಪಾಲು ಕೇಳ್ತಾಳಂತ ಭಯ ಅದನೋ?” ಎಂದರು. ವಿಷಯ ತಿಳಿದ ಮೇಲೆ ಒಳಗೆ ಹೋಗಿ ಒಂದು ಪಾಸ್‌ಬುಕ್ ತಂದರು. ಅದರೊಳಗೆ ಹಳೆಯ ಅಂಟಿನ ಕಲೆಯಿದ್ದ ಎರಡು ತುಂಡುಗಳಿದ್ದವು. ಎಡದ್ದು 417, ಬಲದ್ದು 416.

“ಇವರು ಬ್ಯಾರೆ ಆದ ದಿವ್ಸ ನಾ ಬಸ್ಸಿಗೆ ಹೊಂಟಾಗ ಅಪ್ಪ ನನ್ನ ಸೆರಗಿನಾಗ ಕಟ್ಟಿದ. ಏನೂ ಅನ್ಲಿಲ್ಲ. ಇವರಿಗೆ ಹೊಲ, ನನಗ ಹರಕು ಕಾಗದ ಅಂತ ಅಳ್ಕೋತ ಬಂದೆ,” ಎಂದರು.

ನನ್ನ ಎದೆ ಹಗುರಾಯಿತು. ಒಂದು ನಿಮಿಷವಷ್ಟೇ. ಅವರು ನನ್ನನ್ನೇ ನೋಡುತ್ತಿದ್ದರು.

“ನೀವು ಜೇವರ್ಗಿ ಬ್ಯಾಂಕಿನಾಗ ಇದ್ರಲ್ರಿ?”

ಇದ್ದೆ. 1996ರಿಂದ 2001ರವರೆಗೆ.

“ಮಗಳಿಗೆ ಜ್ವರ ಇತ್ತು. ಈ ಎರಡೂ ಅಂಟಿಸ್ಕೊಂಡು ನಿಮ್ಮ ಹತ್ರ ಬಂದಿದ್ದೆ. ‘ಎರಡು ನೋಟಿನ ತುಂಡು ಕೂಡ್ಸಿ ಒಂದು ಮಾಡಾಕ ಹೊಂಟೀ ಏನ್ ಬೇ? ಪೊಲೀಸ್ರಿಗೆ ಕೊಡ್ತೇನಿ’ ಅಂದ್ರಿ. ಲೈನಿನಾಗ ನಿಂತ ಮಂದಿ ಎಲ್ಲಾ ನೋಡಿದ್ರು.”

“ಅದು ನಾನೇ ಏನವ್ವಾ?”

“ನೀವೇ ರೀ. ಮುಖ ಮರೀಬಹುದು, ದನಿ ಮರ್ತಿಲ್ಲ.”

ನನಗೆ ನೆನಪಿಲ್ಲ. ಆಗ ನಾವು ಇಬ್ಬರು ಕ್ಯಾಷಿಯರುಗಳಿದ್ದೆವು. ಆದರೆ ನಂಬರು ಕೂಡದ ತುಂಡು ಬಂದಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ ಎಂಬುದು ನನಗೆ ಗೊತ್ತು. ಕೈಮುಗಿದೆ. ಅವರು ನನ್ನ ಮುಂದೆ ಚಹಾ ಇಟ್ಟರು.

ತಂದೆ ಹೀಗೇಕೆ ಮಾಡಿದರು ಎಂಬುದು ಅಂದೂ ಬಗೆಹರಿಯಲಿಲ್ಲ. “ಅಕ್ಕನ ಬಿಟ್ಟು ನಾವು ಕೂಡಬಾರದಂತ ಬೇಕಂತ ಮಾಡ್ಯಾನ,” ಎಂದರು ಮಲ್ಲಣ್ಣ. “ಅವನಿಗೆ ಕಣ್ಣು ಸರಿ ಕಾಣ್ತಿದ್ದಿಲ್ಲ. ಅಂಟ್ಕೊಂಡಿದ್ವು, ಹರದ. ಉಳದದ್ದು ಮಗಳಿಗೆ ಕೊಟ್ಟ,” ಎಂದರು ಶರಣಪ್ಪ. ನಾನು ಎರಡನ್ನೂ ನಂಬುತ್ತೇನೆ, ದಿನಕ್ಕೊಂದರಂತೆ. ಮಾರಾಟ ಮಾತ್ರ ಆಗಲಿಲ್ಲ. ಕಸ್ತೂರಿಬಾಯಿ ತಮ್ಮ ತುಂಡುಗಳನ್ನು ಪಾಸ್‌ಬುಕ್ಕಿಗೇ ಸೇರಿಸಿ, “ನೋಟು ಕೂಡ್ಸಬೇಕಂದ್ರ ಇಲ್ಲಿಗೇ ಬರ್ರಿ,” ಎಂದರು. ನಾನು ಸೊಲ್ಲಾಪುರದ ಸಂಗ್ರಾಹಕರಿಗೆ ಇಲ್ಲವೆಂದು ಫೋನ್ ಮಾಡಿದೆ.

ಈಗ ಯಾರದೇ ನೋಟು ನನ್ನ ಮನೆಯಲ್ಲಿ ಉಳಿಯುವುದಾದರೆ ಅವರ ಸಹಿ ಪಡೆದು ರಸೀದಿ ಕೊಡುತ್ತೇನೆ. ಕೂಡದ ತುಂಡು ತಂದವರನ್ನು ಮೊದಲು ಕೂರಿಸಿ, ಅದು ಕೈಗೆ ಹೇಗೆ ಬಂತೆಂದು ಕೇಳುತ್ತೇನೆ. ಇದನ್ನು ಕಲಿಯಲು ನಾನು ನಿವೃತ್ತನಾಗಬೇಕಾಯಿತು.

ಅಫಜಲಪುರದ ಆ ಮೇಜಿನ ಮುಂದಿದ್ದ ಶರಣಪ್ಪ, ಮಲ್ಲಣ್ಣ ಇಬ್ಬರೂ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಜೇವರ್ಗಿಯ ಕೌಂಟರಿನ ಇನ್ನೊಬ್ಬ ಕ್ಯಾಷಿಯರ್ ತೀರಿಕೊಂಡು ಆರು ವರ್ಷವಾಯಿತು. ಲೈನಿನಲ್ಲಿ ನಿಂತವರು ಯಾರೆಂದು ತಿಳಿಯದು. ಬ್ಯಾಂಕಿನ ಆ ದಿನವನ್ನು ಕಂಡು ಇನ್ನೂ ಬದುಕಿರುವವರು ಯಡ್ರಾಮಿಯ ಕಸ್ತೂರಿಬಾಯಿ. ಅವರು ಹೇಳಿದ್ದು ಸರಿಯಿದ್ದರೆ, ನಾನೂ.